ಬಲದ ಹಾದಿ

ದಾವಣಗೆರೆಯಿಂದ ಚನ್ನಗಿರಿಯ ಕಡೆಗೆ ಸಾಗುವ ಮಾರ್ಗದಲ್ಲಿರುವ ಹದಡಿಯ ಸುತ್ತಣ ಸೀಮೆಯು ಭದ್ರೆಯ ನಾಲೆಯ ಆಸರೆಯಲ್ಲಿ ಭತ್ತ ಬೆಳೆಯುವ ನಾಡು. ಭತ್ತವಿದ್ದಲ್ಲಿ ಅಕ್ಕಿ ಗಿರಣಿಯೂ, ಗಿರಣಿಯಿದ್ದಲ್ಲಿ ಮೋಟಾರೂ, ಮೋಟಾರಿದ್ದಲ್ಲಿ ಪುಲ್ಲಿಯೂ ಬೆಲ್ಟೂ ಒಂದರ ಬೆನ್ನಿಗೆ ಒಂದಾಗಿ ಬಂದು ನೆಲೆಗೊಳ್ಳುವುದರಿಂದ, ಯಂತ್ರಶಾಸ್ತ್ರದ ಪುಸ್ತಕವನ್ನು ಎಂದೂ ತೆರೆಯದವನಿಗೂ ಅಲ್ಲಿ ಒಂದು ಕಷ್ಟ ಚಿರಪರಿಚಿತವಾಗಿದೆ. ಶಾಫ್ಟಿನ ಮೇಲೆ ಬಿಗಿದು ಕುಳಿತ ಪುಲ್ಲಿಯನ್ನು, ಪುಲ್ಲಿಗೂ ಶಾಫ್ಟಿಗೂ ಅವೆರಡನ್ನು ಹೊತ್ತ ಬೇರಿಂಗಿಗೂ ನೋವಾಗದಂತೆ ಕಳಚಿ, ಅದರ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸುವುದೇ ಆ ಕಷ್ಟ. ಸುತ್ತಿಗೆಯೊಂದು ಕೈಗೆ ಸಿಕ್ಕರೆ ಸಾಕೆಂದು ತೋರುವ ಈ ಕೆಲಸದಲ್ಲಿ ನ್ಯೂಟನ್ನನ ನಿಯಮ, ಘರ್ಷಣೆಯ ಗಣಿತ, ಲೋಹಗಳ ಕಾಠಿಣ್ಯ, ಉಷ್ಣದಿಂದಾಗುವ ಹಿಗ್ಗುವಿಕೆ ಇವೆಲ್ಲವೂ ಒಂದೇ ಗಳಿಗೆಯಲ್ಲಿ ಕೂಡಿ ಬರುತ್ತವೆ. ಅವುಗಳ ಕೂಟವು ಅತ್ಯಂತ ಸೂಕ್ಷ್ಮವಾಗಿ ಕಾಣಿಸಿಕೊಳ್ಳುವ ಸ್ಥಳವೆಂದರೆ ಕೆಲವು ಕಾರುಗಳ ಎಂಜಿನ್ನಿಗೆ ಗಾಳಿ ತುಂಬುವ ಸೂಪರ್‌ಚಾರ್ಜರಿನ ಪುಲ್ಲಿ. ಆದುದರಿಂದ ಆ ಪುಲ್ಲಿಯನ್ನೇ ನಿದರ್ಶನವಾಗಿ ಹಿಡಿದು ನಮ್ಮ ಗಿರಣಿಯ ಪುಲ್ಲಿಯವರೆಗೆ ಬರುವುದು ಈ ಅಧ್ಯಾಯದ ಉದ್ದೇಶ.

ಎಂಜಿನ್ನಿನ ಉಸಿರು

ಪೆಟ್ರೋಲ್ ಎಂಜಿನ್ನಿನಲ್ಲಿ 1 ಕಿಲೋಗ್ರಾಂ ಇಂಧನವು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಇಂಧನವನ್ನು ಎಷ್ಟಾದರೂ ಸುರಿಯಬಹುದು. ಗಾಳಿಯನ್ನು ಹಾಗೆ ಸುರಿಯಲಾಗದು. ಪಿಸ್ಟನ್ನು ಕೆಳಗಿಳಿಯುವಾಗ ವಾಯುಮಂಡಲದ ಒತ್ತಡವು ತಾನಾಗಿ ಎಷ್ಟು ಗಾಳಿಯನ್ನು ಒಳನೂಕುವುದೋ ಅಷ್ಟೇ ಅದರ ಭಾಗ್ಯ. ಈ ಮಿತಿಯನ್ನು ದಾಟುವುದಕ್ಕಾಗಿ ಗಾಳಿಯನ್ನು ಮೊದಲೇ ಒತ್ತಿ ಒಳಗೆ ಕಳುಹಿಸುವ ಉಪಾಯವನ್ನು ಗಾಟ್ಲೀಬ್ ಡೈಮ್ಲರನು 1885ರಲ್ಲಿಯೇ ತನ್ನ ಪೇಟೆಂಟಿನಲ್ಲಿ ಸೂಚಿಸಿದ್ದನು. ಅದಕ್ಕೆ ಒದಗಿಬಂದ ಯಂತ್ರವೋ ಇನ್ನೂ ಹಳೆಯದು: ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರು ಕಬ್ಬಿಣದ ಕುಲುಮೆಗಳಿಗೂ ಗಣಿಗಳಿಗೂ ಗಾಳಿಯೂದುತ್ತಿದ್ದಿತು. ಒಂದರೊಳಗೊಂದು ಹೊಕ್ಕು ಹೊರಳುವ, ಆದರೆ ಎಂದೂ ಒಂದನ್ನೊಂದು ಮುಟ್ಟದ ಎರಡು ರೋಟರುಗಳ ಈ ಸಾಧನವನ್ನೇ ಮುಂದೆ ಮೋಟಾರುಗಾಡಿಯ ಶಿಲ್ಪಿಗಳು ಎಂಜಿನ್ನಿನ ಪಕ್ಕಕ್ಕೆ ತಂದು ನಿಲ್ಲಿಸಿದರು. 1921ರಲ್ಲಿ ಮರ್ಸಿಡಿಸ್ ಕಾರುಗಳು ಇಂಥ ಯಂತ್ರವನ್ನು ಹೊತ್ತು ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡವು.

ಹೀಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರಗಳಲ್ಲಿ ಟರ್ಬೋಚಾರ್ಜರು ಎಂಜಿನ್ನು ಹೊರಗೆಸೆವ ಹೊಗೆಯ ವೇಗದಿಂದ ತಿರುಗಿದರೆ, ಸೂಪರ್‌ಚಾರ್ಜರು ಕ್ರ್ಯಾಂಕ್ ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗುತ್ತದೆ. ಆದುದರಿಂದ ಅದರ ವೇಗವನ್ನು ನಿರ್ಣಯಿಸುವುದು ಎರಡು ಪುಲ್ಲಿಗಳ ವ್ಯಾಸ. ಕ್ರ್ಯಾಂಕಿನ ಪುಲ್ಲಿ 140 ಮಿಲಿಮೀಟರ್ ವ್ಯಾಸದ್ದಾಗಿ ಸೂಪರ್‌ಚಾರ್ಜರಿನದು 70 ಆಗಿದ್ದರೆ, ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ರೋಟರು 12,000 ಸುತ್ತು ತಿರುಗುತ್ತದೆ. ಸಣ್ಣ ಪುಲ್ಲಿಯನ್ನು 60 ಮಿಲಿಮೀಟರಿಗೆ ಇಳಿಸಿದರೆ ಆ ಸಂಖ್ಯೆ 14,000ಕ್ಕೆ ಏರುತ್ತದೆ, ಗಾಳಿಯೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. 2002ರಿಂದ 2006ರವರೆಗೆ ತಯಾರಾದ ಮಿನಿ ಕೂಪರ್ ಎಸ್ ಕಾರಿನ ಅಭಿಮಾನಿಗಳು ಪುಲ್ಲಿಯನ್ನು ಬದಲಿಸಿ ಸಣ್ಣದನ್ನು ತೊಡಿಸುವುದು ಈ ಗಣಿತದ ಆಸೆಯಿಂದಲೇ. ಆದರೆ ಆ ಪುಲ್ಲಿಯು ಶಾಫ್ಟಿನ ಮೇಲೆ ನಟ್ಟಿನಿಂದಲೂ ಕೀಲಿನಿಂದಲೂ ನಿಂತಿರುವುದಿಲ್ಲ; ಬರಿಯ ಬಿಗುವಿನಿಂದ ನಿಂತಿರುತ್ತದೆ. ಆ ಬಿಗುವಿನ ಸ್ವರೂಪವನ್ನು ಅರಿಯದೆ ಕೈಯಿಕ್ಕಿದವನು ಪುಲ್ಲಿಯ ಬೆಲೆಯನ್ನಲ್ಲ, ಇಡೀ ಸೂಪರ್‌ಚಾರ್ಜರಿನ ಬೆಲೆಯನ್ನು ತೆರಬೇಕಾದೀತು.

ಕೂದಲಿಗಿಂತ ಕಿರಿದಾದ ಬಿಗುವು

25 ಮಿಲಿಮೀಟರ್ ವ್ಯಾಸದ ಒಂದು ಶಾಫ್ಟನ್ನೂ ಅದಕ್ಕೆ ತೊಡಿಸತಕ್ಕ ಪುಲ್ಲಿಯನ್ನೂ ಕಲ್ಪಿಸಿಕೊಳ್ಳೋಣ. ಎಂಜಿನಿಯರುಗಳು ಎಚ್7-ಪಿ6 ಎಂದು ಕರೆಯುವ ಬಿಗಿ ಜೋಡಣೆಯ ಕಟ್ಟಳೆಯಂತೆ, ಪುಲ್ಲಿಯ ರಂಧ್ರವು 25.000ರಿಂದ 25.021 ಮಿಲಿಮೀಟರಿನ ಒಳಗಿರತಕ್ಕದ್ದು; ಶಾಫ್ಟು 25.022ರಿಂದ 25.035ರ ಒಳಗಿರತಕ್ಕದ್ದು. ಎಂದರೆ ರಂಧ್ರವು ಎಷ್ಟೇ ದೊಡ್ಡದಾಗಲಿ, ಶಾಫ್ಟು ಎಷ್ಟೇ ಸಣ್ಣದಾಗಲಿ, ಶಾಫ್ಟಿನ ವ್ಯಾಸವೇ ಕನಿಷ್ಠ 1 ಮೈಕ್ರಾನಿನಷ್ಟು ಮಿಗಿಲು. ಗರಿಷ್ಠವಾದರೆ 35 ಮೈಕ್ರಾನು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು. ಅರ್ಧ ಕೂದಲನ್ನೂ ಮೀರದ ಈ ಅಂತರವು ಎಷ್ಟು ಬಲವನ್ನು ಹುಟ್ಟಿಸುವುದೆಂಬುದನ್ನು ಲೆಕ್ಕ ಹಾಕಿ ನೋಡಿದವರಿಗೆ ಲೋಹದ ಸ್ಥಿತಿಸ್ಥಾಪಕತ್ವದ ಮೇಲೆ ಗೌರವ ಮೂಡದೆ ಇರದು.

ಶಾಫ್ಟು ಉಕ್ಕಿನದು, ಪುಲ್ಲಿಯ ಗುಂಬವೂ ಉಕ್ಕಿನದು, ಗುಂಬದ ಹೊರ ವ್ಯಾಸ 50 ಮಿಲಿಮೀಟರು, ಶಾಫ್ಟನ್ನು ಅದು ತಬ್ಬಿರುವ ಉದ್ದ 30 ಮಿಲಿಮೀಟರು, ಮಿಗಿಲಿನ ಅಳತೆ 25 ಮೈಕ್ರಾನು ಎಂದಿಟ್ಟುಕೊಂಡರೆ, ಎರಡು ಮೈಗಳ ನಡುವಣ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 750 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಘರ್ಷಣೆಯ ಅಂಕವನ್ನು 0.12 ಎಂದು ಹಿಡಿದರೆ, ಪುಲ್ಲಿಯನ್ನು ಅಲುಗಿಸುವುದಕ್ಕೇ 2 ಟನ್ನಿಗೂ ಸ್ವಲ್ಪ ಮಿಕ್ಕ ಬಲ ಬೇಕು. ವರ್ಷಗಳ ತುಕ್ಕು ಅದರೊಡನೆ ಕೂಡಿಕೊಂಡರೆ ಬಲದ ಬೇಡಿಕೆ ಮತ್ತೂ ಏರುತ್ತದೆ. ಅಂಗೈಯೊಳಗೆ ಅಡಗುವ ಒಂದು ಚಕ್ರವನ್ನು ಹೊರಗೆಳೆಯಲು ತುಂಬಿದ ಭತ್ತದ ಗಾಡಿಯ ಭಾರಕ್ಕೂ ಮೀರಿದ ಬಲ ಬೇಕೆಂದ ಮೇಲೆ, ಆ ಬಲವು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದೆಂಬ ಪ್ರಶ್ನೆಯನ್ನು ಕೇಳದೆ ಕೆಲಸಕ್ಕೆ ತೊಡಗುವುದು ಸರಿಯಲ್ಲ.

ಸುತ್ತಿಗೆಯ ಪೆಟ್ಟು ಸೇರುವ ತಾಣ

ಬಲವೆಂಬುದು ಒಂದು ವಸ್ತುವಿನ ಮೇಲೆ ಬಿದ್ದು ಅಲ್ಲಿಯೇ ಕರಗಿಹೋಗುವ ಪದಾರ್ಥವಲ್ಲ. ಅದಕ್ಕೊಂದು ಹಾದಿಯುಂಟು, ಆ ಹಾದಿಯ ತುದಿಯಲ್ಲಿ ಅದನ್ನು ಎದುರಿಸಿ ನಿಲ್ಲುವ ಪ್ರತಿಬಲವೂ ಉಂಟು. ಪುಲ್ಲಿಯ ಹಿಂಬದಿಗೆ ಹಾರೆಯ ಮೊನೆಯನ್ನೋ ದಪ್ಪ ಸ್ಕ್ರೂಡ್ರೈವರನ್ನೋ ತೂರಿಸಿ ಮೀಟಿದಾಗ, ಪುಲ್ಲಿಯನ್ನು ಹೊರಗೆ ತಳ್ಳುವ ಬಲಕ್ಕೆ ಪ್ರತಿಯಾಗಿ ಯಂತ್ರದ ಕವಚವು ಒಳಮುಖವಾದ ತಳ್ಳನ್ನು ತಾಳಬೇಕಾಗುತ್ತದೆ. ಎರಕದ ಅಲ್ಯೂಮಿನಿಯಮ್ಮಿನ ಕವಚವಾದರೆ ಅದು ತಗ್ಗಾಗುತ್ತದೆ, ಇಲ್ಲವೆ ಬಿರಿಯುತ್ತದೆ. ಪುಲ್ಲಿಯ ಅಂಚಿಗೆ ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದಾಗ ಆ ಪೆಟ್ಟು ಪುಲ್ಲಿಯಿಂದ ಶಾಫ್ಟಿಗೆ, ಶಾಫ್ಟಿನಿಂದ ಬೇರಿಂಗಿನ ಒಳ ಉಂಗುರಕ್ಕೆ, ಅಲ್ಲಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರ ಉಂಗುರಕ್ಕೆ, ಕಡೆಗೆ ಕವಚಕ್ಕೆ ಹೋಗಿ ಮುಟ್ಟುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಯಂತ್ರಲೋಕದಲ್ಲಿ ಇಷ್ಟು ಯಥಾರ್ಥವಾಗುವ ಸಂದರ್ಭ ಮತ್ತೊಂದಿಲ್ಲ: ಬಿಗಿದಿರುವುದು ಪುಲ್ಲಿ, ಏಟು ತಿನ್ನುವುದು ಬೇರಿಂಗು.

ಆ ಏಟಿನ ಪ್ರಮಾಣವೆಷ್ಟು? 1 ಕಿಲೋಗ್ರಾಂ ತೂಕದ ಸುತ್ತಿಗೆಯು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಬಡಿದು, ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಕಾಲದಲ್ಲಿ ನಿಂತುಬಿಟ್ಟರೆ, ಆ ಕ್ಷಣದ ಸರಾಸರಿ ಬಲವು 1 ಟನ್ನಿನಷ್ಟು. ಬೇರಿಂಗಿನ ಗುಂಡು ಉಂಗುರದ ಹಾದಿಯನ್ನು ಮುಟ್ಟುವುದು ಒಂದು ಸೂಕ್ಷ್ಮವಾದ ಬಿಂದುವಿನಲ್ಲಿಯಷ್ಟೆ. ಆ ಬಿಂದುವಿನ ಮೇಲೆ ಇಷ್ಟು ಬಲ ಬಿದ್ದರೆ ಗಟ್ಟಿಗೊಳಿಸಿದ ಉಕ್ಕೂ ಸಹ ತಗ್ಗುತ್ತದೆ. ಸ್ವೀಡನ್ ದೇಶದ ಎಂಜಿನಿಯರನಾದ ಯೋಹಾನ್ ಆಗಸ್ಟ್ ಬ್ರಿನೆಲ್ಲನು 1900ರಲ್ಲಿ ಲೋಹಗಳ ಕಾಠಿಣ್ಯವನ್ನಳೆಯುವ ಕ್ರಮವೊಂದನ್ನು ಪ್ರಕಟಿಸಿದನು: 10 ಮಿಲಿಮೀಟರಿನ ಉಕ್ಕಿನ ಗುಂಡನ್ನು 3000 ಕಿಲೋಗ್ರಾಂ ಭಾರದಿಂದ ಲೋಹದ ಮೇಲೆ ಒತ್ತಿ, ಮೂಡಿದ ಗುಳಿಯ ಅಗಲವನ್ನು ಅಳೆಯುವುದು. ಸುತ್ತಿಗೆ ಹಿಡಿದವನು ತಾನರಿಯದೆಯೇ ಬೇರಿಂಗಿನೊಳಗೆ ಬ್ರಿನೆಲ್ಲನ ಪರೀಕ್ಷೆಯನ್ನು ನಡೆಸಿಬಿಡುತ್ತಾನೆ. ಹಾಗೆ ಪೆಟ್ಟು ತಿಂದ ಬೇರಿಂಗೊಂದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಕನ್ನಡಿಯಂತೆ ಹೊಳೆಯುವ ಹಾದಿಯ ಮೇಲೆ ಗುಂಡುಗಳಿದ್ದಷ್ಟೇ ದೂರ ದೂರಕ್ಕೆ ಸಾಲಾಗಿ ಮೂಡಿದ ಮಸುಕು ಗುಳಿಗಳು ಕಾಣುತ್ತವೆ. ಅನುಭವಿಯಾದ ಮೆಕ್ಯಾನಿಕ್ಕನು ಶಾಫ್ಟನ್ನು ಬೆರಳಲ್ಲಿ ತಿರುಗಿಸಿದಾಗ ಆ ಗುಳಿಗಳ ತಡೆಯನ್ನು ಚರ್ಮದಿಂದಲೇ ಗುರುತಿಸುತ್ತಾನೆ. ಪಂಪ್‌ಸೆಟ್ಟಿನ ಮಂದಗತಿಯಲ್ಲಿ ಇಂಥ ಬೇರಿಂಗು ಗೊರಗುಟ್ಟುತ್ತ ಕೆಲವು ಕಾಲ ಬಾಳೀತು. ನಿಮಿಷಕ್ಕೆ 12,000 ಸುತ್ತು ತಿರುಗುವ, ಅತಿ ಕಿರಿದಾದ ಅಂತರದಲ್ಲಿ ಒಂದನ್ನೊಂದು ಮುಟ್ಟದೆ ಹೊರಳಬೇಕಾದ ರೋಟರುಗಳುಳ್ಳ ಸೂಪರ್‌ಚಾರ್ಜರಿನಲ್ಲಿ ಅದಕ್ಕೆ ಬಾಳಿಲ್ಲ.

ಪುಲ್ಲರಿನ ನ್ಯಾಯ

ಇಲ್ಲಿ ಪುಲ್ಲರ್ ಎಂಬ ಉಪಕರಣದ ಘನತೆಯು ಸ್ಪಷ್ಟವಾಗುತ್ತದೆ. ಅದರ ಎರಡು ಅಥವಾ ಮೂರು ಕಾಲುಗಳು ಪುಲ್ಲಿಯನ್ನು ಹಿಂದಿನಿಂದ ಹಿಡಿದುಕೊಳ್ಳುತ್ತವೆ. ನಡುವಣ ತಿರುಪು ಶಾಫ್ಟಿನ ತುದಿಯ ಮೇಲೆ ನಿಲ್ಲುತ್ತದೆ. ತಿರುಪನ್ನು ಬಿಗಿಯುತ್ತ ಬಂದಂತೆ ಕಾಲುಗಳು ಪುಲ್ಲಿಯನ್ನು ಎಷ್ಟು ಬಲದಿಂದ ಹೊರಗೆಳೆಯುವುವೋ ತಿರುಪು ಅಷ್ಟೇ ಬಲದಿಂದ ಶಾಫ್ಟನ್ನು ಒಳಗೊತ್ತುತ್ತದೆ. ಕ್ರಿಯೆಯೂ ಪ್ರತಿಕ್ರಿಯೆಯೂ ಜಗಳವಾಡುತ್ತಿರುವ ಎರಡು ಭಾಗಗಳ ನಡುವೆಯೇ ಹೊರಟು ಅಲ್ಲಿಯೇ ಮುಗಿಯುವುದರಿಂದ, 2 ಟನ್ನಿನ ಸೆಳೆತ ನಡೆಯುತ್ತಿದ್ದರೂ ಪಕ್ಕದ ಬೇರಿಂಗಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಸರಿಯಾದ ಉಪಕರಣವೆಂದರೆ ಹೆಚ್ಚು ಬಲ ಕೊಡುವ ಉಪಕರಣವಲ್ಲ. ಬಲವು ಹೋಗಬಾರದ ಕಡೆಗೆ ಹೋಗದಂತೆ ಅದಕ್ಕೆ ಹಾದಿಯನ್ನು ಕಟ್ಟಿಕೊಡುವ ಉಪಕರಣ.

ಬಲದ ಮೊತ್ತಕ್ಕಾದರೋ ತಿರುಪಿನ ಗಣಿತವೇ ಸಾಕು. ಒಂದು ಸುತ್ತು ತಿರುಗಿದಾಗ 2 ಮಿಲಿಮೀಟರ್ ಮುಂದುವರಿಯುವ ತಿರುಪನ್ನು 250 ಮಿಲಿಮೀಟರ್ ಉದ್ದದ ಪಾನದಿಂದ ತಿರುಗಿಸಿದರೆ, ಘರ್ಷಣೆಯೆಂಬುದೇ ಇಲ್ಲದ ಪಕ್ಷದಲ್ಲಿ ಕೈಯ ಬಲವು ಸುಮಾರು 785 ಪಟ್ಟು ಹೆಚ್ಚುತ್ತಿತ್ತು. ವಾಸ್ತವದಲ್ಲಿ ಅದರ ಬಹುಪಾಲನ್ನು ಥ್ರೆಡ್ಡಿನ ಘರ್ಷಣೆಯೇ ನುಂಗುತ್ತದೆ. 20 ಕಿಲೋಗ್ರಾಂ ಭಾರದಷ್ಟು ಕೈಬಲದಿಂದ, ಒಣಗಿ ಧೂಳು ಹಿಡಿದ ತಿರುಪಿನಲ್ಲಿ ಒಂದೂವರೆ ಟನ್ನಷ್ಟು ದೊರೆತೀತು. ಅದೇ ತಿರುಪನ್ನು ಶುಚಿಮಾಡಿ ಒಳ್ಳೆಯ ಗ್ರೀಸು ಹಚ್ಚಿದರೆ ಎರಡೂಕಾಲು ಟನ್ನಿನವರೆಗೂ ದೊರೆತೀತು. ಮೊದಲು ಹೇಳಿದ ಪುಲ್ಲಿಗೆ ಬೇಕಾದದ್ದು 2 ಟನ್ನಿಗಿಂತ ಸ್ವಲ್ಪ ಹೆಚ್ಚು. ಒಂದು ಚಿಟಿಕೆ ಗ್ರೀಸಿಲ್ಲದ ಕಾರಣಕ್ಕಾಗಿ ಪುಲ್ಲರನ್ನು ಬದಿಗಿಟ್ಟು ಸುತ್ತಿಗೆಗೆ ಕೈಹಾಕುವವರು ಎಷ್ಟು ಮಂದಿಯೋ!

ಪುಲ್ಲರನ್ನು ಹಿಡಿಸುವ ಸ್ಥಳವೂ ವಿಚಾರಾರ್ಹವಾದುದು. ಗಿರಣಿಯ ಪುಲ್ಲಿಗಳು ಸಾಮಾನ್ಯವಾಗಿ ಎರಕದ ಕಬ್ಬಿಣದವು. ಎರಕದ ಕಬ್ಬಿಣವು ಒತ್ತನ್ನು ತಾಳುವಷ್ಟು ಸೆಳೆತವನ್ನು ತಾಳದು. ಕಾಲುಗಳನ್ನು ಹೊರ ಅಂಚಿಗೆ ಸಿಕ್ಕಿಸಿ ಎಳೆದರೆ ನಡುವಣ ಕೈಗಳು ಬಾಗಿ ಅಂಚು ತುಂಡಾಗುತ್ತದೆ. ಆದುದರಿಂದ ಹಿಡಿತವು ಶಾಫ್ಟಿಗೆ ಹತ್ತಿರವಾದ ಗುಂಬದಲ್ಲಿರಬೇಕು. ಕೀಲಿರುವ ಪುಲ್ಲಿಯಾದರೆ ಕೀಲನ್ನೂ, ಅದರ ಮೇಲಿನ ಕಿರು ಬೋಲ್ಟನ್ನೂ ಮೊದಲು ತೆಗೆದಿರಬೇಕು. ಸೂಪರ್‌ಚಾರ್ಜರಿನಲ್ಲಿಯೋ ಪುಲ್ಲಿಯ ಹಿಂದೆ ಕಾಲು ತೂರಿಸಲು ಎಡೆಯೇ ಇರುವುದಿಲ್ಲ. ಅದಕ್ಕಾಗಿ ಮಾಡಿದ ಪುಲ್ಲರಿನಲ್ಲಿ ಎರಡು ಅರೆ ಬಳೆಗಳಿದ್ದು, ಬೆಲ್ಟಿನ ಗೀರುಗಳಿಗೆ ಸರಿಯಾಗಿ ಕೂರುವ ಏಣುಗಳು ಅವುಗಳ ಒಳಮೈಯಲ್ಲಿರುತ್ತವೆ. ಅವು ಪುಲ್ಲಿಯನ್ನು ಸುತ್ತಲೂ ಅಪ್ಪಿ ಹಿಡಿದು, ಎಳೆತವನ್ನು ಎರಡು ಮೂರು ಕಡೆಗಳಿಗೆ ಕೂಡಿಸದೆ ಇಡೀ ಪರಿಧಿಗೆ ಹಂಚುತ್ತವೆ. ಹೀಗೆ ಹಿಡಿಸಿ ಬಿಗಿಯುವಾಗ ಮೊದಮೊದಲು ತಿರುಪು ಸರಾಗವಾಗಿ ಬಿಗಿಯುತ್ತದೆ. ಅನಂತರ ಪಾನವು ಭಾರವಾಗುತ್ತ ಹೋಗಿ, ಏನೂ ಚಲಿಸುತ್ತಿಲ್ಲವೆಂದು ತೋರುವ ಒಂದು ಘಟ್ಟ ಬರುತ್ತದೆ. ಆಗ ತಾಳ್ಮೆಯಿಂದ ಕಾಲು ಸುತ್ತು ಮುಂದುವರಿಸಿದರೆ ಟಕ್ಕೆಂಬ ಗಟ್ಟಿ ಸದ್ದಿನೊಡನೆ ಪುಲ್ಲಿಯು ತುಸು ಜಾರುತ್ತದೆ. ನಿಂತ ಮೈಗಳ ಘರ್ಷಣೆಯು ಚಲಿಸುವ ಮೈಗಳ ಘರ್ಷಣೆಗಿಂತ ಅಧಿಕವೆಂಬ ಶಾಲೆಯ ಪಾಠವು ಕಿವಿಗೆ ಕೇಳಿಸುವುದು ಆ ಸದ್ದಿನಲ್ಲಿ. ಅಂಥ ಸೆಳೆತದಲ್ಲಿರುವ ಉಪಕರಣವು ಹಠಾತ್ತಾಗಿ ಜಾರಿದರೆ ಗುಂಡಿನಂತೆ ಸಿಡಿಯಬಲ್ಲದು. ಆದುದರಿಂದ ಕಣ್ಣಿಗೆ ಕನ್ನಡಕ, ಪುಲ್ಲರಿನ ಸುತ್ತ ದಪ್ಪ ಗೋಣಿತಟ್ಟು, ತಿರುಪಿನ ನೇರಕ್ಕೆ ಮುಖವೊಡ್ಡದ ನಿಲುವು, ಇವು ಮೂರೂ ಅವಶ್ಯ.

ಬಿಸಿಯಿಂದ ಕೂರಿಸುವುದು

ತೆಗೆಯುವುದಕ್ಕೆ ತಿರುಪು ನೆರವಾದಂತೆ ಕೂರಿಸುವುದಕ್ಕೆ ಉಷ್ಣವು ನೆರವಾಗುತ್ತದೆ. ಈ ವಿದ್ಯೆಯನ್ನು ನಮ್ಮ ಹಳ್ಳಿಗಳ ಕಮ್ಮಾರರು ಬಹುಕಾಲದಿಂದ ಬಲ್ಲರು. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ತೊಡಿಸುವಾಗ ಅವರು ಹಳಿಯನ್ನು ಗಾಲಿಗಿಂತ ತುಸು ಕಿರಿದಾಗಿಯೇ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕಾಯಿಸಿ, ಇಕ್ಕಳಗಳಲ್ಲಿ ಹಿಡಿದು ತಂದು ಗಾಲಿಯ ಮೇಲಿಳಿಸಿ, ಮರಕ್ಕೆ ಉರಿ ಹತ್ತುವ ಮೊದಲೇ ನೀರು ಹೊಯ್ಯುತ್ತಿದ್ದರು. 1.4 ಮೀಟರ್ ವ್ಯಾಸದ ಹಳಿಯು 400 ಡಿಗ್ರಿಯಷ್ಟು ಕಾದರೆ ಸುತ್ತಳತೆಯಲ್ಲಿ 2 ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ತಣಿದಾಗ ಆ ಹಿಗ್ಗೆಲ್ಲ ಬಿಗುವಾಗಿ ಪರಿಣಮಿಸಿ ಗಾಲಿಯ ಅರೆಕಾಲುಗಳನ್ನೂ ಪಟ್ಟಿಗಳನ್ನೂ ಒಂದಾಗಿಸುತ್ತದೆ.

ಪುಲ್ಲಿಯಲ್ಲಿಯೂ ನಡೆಯುವುದು ಇದೇ ಕ್ರಿಯೆ. ಅಲ್ಯೂಮಿನಿಯಮ್ಮಿನ ಪುಲ್ಲಿಯ 25 ಮಿಲಿಮೀಟರ್ ರಂಧ್ರವು 100 ಡಿಗ್ರಿ ಹೆಚ್ಚಿಗೆ ಕಾದರೆ 57 ಮೈಕ್ರಾನಿನಷ್ಟು ಅಗಲವಾಗುತ್ತದೆ. ಅದರ ಮುಂದೆ 35 ಮೈಕ್ರಾನಿನ ಗರಿಷ್ಠ ಬಿಗುವೂ ಇಲ್ಲವಾಗಿ, ಎರಡು ಟನ್ನಿನ ಕೆಲಸವು ಕೈಯಲ್ಲಿ ಮೆಲ್ಲನೆ ತಳ್ಳುವಷ್ಟು ಹಗುರವಾಗುತ್ತದೆ. ಉಕ್ಕಿನ ಪುಲ್ಲಿಯಾದರೆ ಅದೇ ಶಾಖದಲ್ಲಿ 30 ಮೈಕ್ರಾನು ಮಾತ್ರ ಹಿಗ್ಗುವುದರಿಂದ ಇನ್ನೂ ಸ್ವಲ್ಪ ಕಾಯಿಸಬೇಕಾಗಬಹುದು. ಕಾಯಿಸತಕ್ಕದ್ದು ಪುಲ್ಲಿಯನ್ನು ಮಾತ್ರ, ಅದೂ ಯಂತ್ರದಿಂದ ದೂರದಲ್ಲಿ, ಬಿಸಿ ಎಣ್ಣೆಯಲ್ಲಿಯೋ ವಿದ್ಯುತ್ ಒಲೆಯಲ್ಲಿಯೋ ಸಮವಾಗಿ. ಶಾಫ್ಟಿನ ಮೇಲಿರುವಾಗಲೇ ಗ್ಯಾಸಿನ ಉರಿಯನ್ನು ಹಿಡಿದರೆ ಒಳಗಿನ ಗ್ರೀಸು ಕರಗಿ ಎಣ್ಣೆಯನ್ನು ತಡೆಯುವ ರಬ್ಬರಿನ ಸೀಲು ಸುಟ್ಟುಹೋಗುತ್ತದೆ. ಹಳೆಯ ಪುಲ್ಲಿಯು ಶಾಫ್ಟಿನ ತುದಿಯಿಂದ ಎಷ್ಟು ಒಳಗೆ ಕುಳಿತಿತ್ತೆಂಬುದನ್ನು ವರ್ನಿಯರಿನಲ್ಲಿ ಮೊದಲೇ ಅಳೆದು ಬರೆದಿಟ್ಟುಕೊಂಡಿರುವುದು ಈ ಹಂತದಲ್ಲಿ ಫಲಕ್ಕೆ ಬರುತ್ತದೆ. ಬಿಸಿ ಪುಲ್ಲಿಯು ಶಾಫ್ಟಿಗೆ ತಗುಲಿ ತಣಿದು ಕಚ್ಚಿಕೊಳ್ಳಲು ಕೆಲವೇ ಸೆಕೆಂಡುಗಳು ಸಾಕಾದುದರಿಂದ, ಆಗ ಸ್ಥಳ ಹುಡುಕುತ್ತ ಕೂರಲಾಗದು. ಪುಲ್ಲಿಗಳು ಒಂದೇ ನೇರದಲ್ಲಿಲ್ಲದಿದ್ದರೆ ಬೆಲ್ಟು ಅಂಚು ತೇದು ನಾರುನಾರಾಗುತ್ತದೆ. ಬಿಸಿಮಾಡುವ ಅನುಕೂಲವಿಲ್ಲದೆಡೆಯಲ್ಲಿ, ಶಾಫ್ಟಿನ ತುದಿಯಲ್ಲಿ ಥ್ರೆಡ್ಡಿರುವುದಾದರೆ ಅದಕ್ಕೊಂದು ಉದ್ದನೆಯ ಸ್ಟಡ್ಡನ್ನು ತಿರುಗಿಸಿ, ಅದರ ಮೇಲಿನ ನಟ್ಟಿನಿಂದ ಪುಲ್ಲಿಯನ್ನು ಒತ್ತುತ್ತ ಕೂರಿಸಬಹುದು. ಇಲ್ಲಿಯೂ ಬಲವು ಶಾಫ್ಟು ಪುಲ್ಲಿಗಳೊಳಗೇ ಮುಗಿಯುವುದೆಂಬುದನ್ನು ಗಮನಿಸಬೇಕು. ಆದರೆ ಥ್ರೆಡ್ಡಿನ ಜಾತಿಯನ್ನು ಗೇಜಿಟ್ಟು ನೋಡಿಯೇ ಮುಂದುವರಿಯತಕ್ಕದ್ದು: ಅರ್ಧ ಇಂಚಿನ ವಿಟ್ವರ್ತ್ ಬೋಲ್ಟಿನಲ್ಲಿ ಇಂಚಿಗೆ 12 ಥ್ರೆಡ್ಡುಗಳು, ಅದೇ ಗಾತ್ರದ ಅಮೆರಿಕನ್ ಬೋಲ್ಟಿನಲ್ಲಿ 13, ನೋಟಕ್ಕೆ ಅವಳಿಗಳಾದ ಇವುಗಳನ್ನು ಬಲವಂತದಿಂದ ಕೂಡಿಸಿದರೆ ಎರಡೂ ಕೆಡುತ್ತವೆ.

ನಮ್ಮ ನೆಲದ ಸಾಮರ್ಥ್ಯ

ಇಂಥ ಉಪಕರಣಗಳು ದೂರದೇಶದವರ ಕೈಯಲ್ಲಿ ಮಾತ್ರ ಸಾಧ್ಯವೆಂದು ಭಾವಿಸಲು ಈ ಸೀಮೆಯವರಿಗಂತೂ ಕಾರಣವಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೈಸಿಕಲ್ಲುಗಳನ್ನು ಮಾರುತ್ತ, ಕಬ್ಬಿಣದ ನೇಗಿಲನ್ನು ಮಾಡುತ್ತ ಬೆಳೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಉದ್ಯಮವು ಹದಡಿಗೆ ಹತ್ತಿರದ ಹರಿಹರದಲ್ಲಿ, ತುಂಗಭದ್ರೆಯ ದಡದ ಆ ಊರಿನಲ್ಲಿ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ರೂಪದಲ್ಲಿ ನೆಲೆಯೂರಿತು. ಯಂತ್ರಗಳನ್ನು ಮಾಡುವ ಯಂತ್ರವಾದ ಲೇತನ್ನು ನಮ್ಮ ಜನ ಅಲ್ಲಿ ಮಾಡಿದರು. ಆ ಲೇತುಗಳು ದೇಶದ ನಾನಾ ಕಡೆಯ ಕಾರ್ಯಾಗಾರಗಳನ್ನು ಸೇರಿದವು. ಮೈಕ್ರಾನುಗಳ ಲೆಕ್ಕದಲ್ಲಿ ಶಾಫ್ಟನ್ನು ಉಜ್ಜಿ ಬೇರಿಂಗು ಕೂರಿಸುವ ಶಿಸ್ತು ಅಲ್ಲಿ ಸಾವಿರಾರು ಕೈಗಳಿಗೆ ನಿತ್ಯದ ವೃತ್ತಿಯಾಗಿತ್ತು. ಆ ಕಾರ್ಖಾನೆ ಇಂದು ನಡೆಯುತ್ತಿಲ್ಲವಾದರೂ, ಅಲ್ಲಿ ಕಲಿತ ವಿದ್ಯೆಗೆ ಬೀಗ ಬೀಳಬೇಕಾಗಿಲ್ಲ. ದಾವಣಗೆರೆಯ ಹದಡಿ ರಸ್ತೆಯಲ್ಲಿಯೇ, 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಇದೆ; ಬಲ, ಘರ್ಷಣೆ, ಬಿಗಿ ಜೋಡಣೆಗಳ ಸೂತ್ರಗಳು ಅಲ್ಲಿಯ ತರಗತಿಗಳಲ್ಲಿ ಪ್ರತಿವರ್ಷವೂ ಬೋರ್ಡಿನ ಮೇಲೆ ಮೂಡುತ್ತವೆ. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ, ಅದೇ ಸೂತ್ರಗಳಿಗೆ ಒಳಪಟ್ಟ ಪುಲ್ಲಿಯೊಂದು ಗಿರಣಿಯಲ್ಲಿ ಸುತ್ತಿಗೆಯ ಏಟಿಗೆ ಸಿಕ್ಕಿರುವುದಾದರೆ, ವಿದ್ಯೆಗೂ ವೃತ್ತಿಗೂ ನಡುವೆ ಸೇತುವೆ ಕಟ್ಟುವ ಕೆಲಸ ಬಾಕಿಯಿದೆಯೆಂದೇ ಅರ್ಥ.

ಆ ಸೇತುವೆಗೆ ಹೆಚ್ಚಿನ ಹಣವೇನೂ ಬೇಡ. ದಪ್ಪನೆಯ ಉಕ್ಕಿನ ತಟ್ಟೆಯೊಂದು, ಅದರ ನಡುವೆ ಥ್ರೆಡ್ಡು ಕೊರೆದ ರಂಧ್ರ, ಒಳ್ಳೆಯ ಉಕ್ಕಿನ ತಿರುಪು, ಎಳೆಯಲು ಎರಡೋ ಮೂರೋ ಬೋಲ್ಟುಗಳು: ಲೇತು ಬಲ್ಲ ಯಾವ ಕುಶಲಿಯಾದರೂ ಗಿರಣಿಯ ಪುಲ್ಲಿಗೆ ತಕ್ಕ ಪುಲ್ಲರನ್ನು ತನ್ನ ಅಂಗಡಿಯಲ್ಲಿಯೇ ಮಾಡಬಲ್ಲನು. ಗ್ಯಾರೇಜಿಗೊಂದು ಪುಲ್ಲರು, ಪುಲ್ಲಿಯ ಹಿಂದೆ ತೂರಿಸುವ ಇಬ್ಭಾಗದ ತಟ್ಟೆ, ಒಂದು ವರ್ನಿಯರು, ಒಂದು ಥ್ರೆಡ್ ಗೇಜು, ಪುಲ್ಲಿ ಕಾಯಿಸಲು ಒಂದು ವಿದ್ಯುತ್ ಒಲೆ ಇಷ್ಟಿದ್ದು, ಪ್ರತಿಯೊಂದು ಕೆಲಸಕ್ಕೂ ಮೊದಲು ಬಲವು ಎಲ್ಲಿಂದ ಹೊರಟು, ಯಾವುದರ ಮೂಲಕ ಹಾದು, ಎಲ್ಲಿ ಮುಗಿಯುವುದೆಂದು ಬೆರಳಿಟ್ಟು ತೋರಿಸುವ ಅಭ್ಯಾಸವನ್ನು ಕಲಿಯುವ ಹುಡುಗರಲ್ಲಿ ಬೆಳೆಸಿದರೆ, ವಿಜ್ಞಾನವು ಪುಸ್ತಕದಿಂದ ಕಸುಬಿಗೆ ಇಳಿದಂತಾಗುತ್ತದೆ. ಪುಲ್ಲಿಯು ಹದಡಿಯ ಗಿರಣಿಯದಾಗಲಿ, ಬೆಲೆಬಾಳುವ ಕಾರಿನ ಸೂಪರ್‌ಚಾರ್ಜರಿನದಾಗಲಿ, ಆ ಒಂದು ಪ್ರಶ್ನೆಗೆ ಉತ್ತರ ದೊರೆತ ಮೇಲೆಯೇ ಪಾನಕ್ಕೆ ಕೈಹಾಕತಕ್ಕದ್ದು.